ಗಾಳಿ ಮಷಿನ್ನೂ ನೆಗೆಣ್ಣಿ ಪಿನ್ನೂ

ನಾನು ಸಂಶೆದ ಹೆಣಮಗಳು, ಇದನ್ನ ಮೊದಲ ಹೇಳಿಬಿಡ್ತೀನಿ. ಹಾಲಿನಾಕಿ ಹಾಲು ಹಾಕಿದ್ರ ಬೆರಳು ಅದ್ದಿ ನೋಡ್ತೀನಿ. ಕಿರಾಣಿ ಅಂಗಡ್ಯಾಂವ ಸಕ್ರಿ ಕಟ್ಟಿಕೊಟ್ರ ಮನಿಗೆ ಬಂದು ನಮ್ಮ ತಕ್ಕಡ್ಯಾಗ ಮತ್ತೊಮ್ಮೆ ತೂಗತೀನಿ. ಮೀನಿನ ಧಂದೆಕ್ಕ ಈ ಗುಣ ಬೇಕ ಬೇಕು. ಕಿವಿರು ಎತ್ತಿ, ಕೆಂಪ ಐತೋ ಇಲ್ಲೋ ನೋಡದ ನಾನು ಇಷ್ಟು ವರ್ಷದಾಗ ಒಂದು ಮೀನೂ ತಗೊಂಡಿಲ್ಲ. ಮನಷ್ಯಾರಿಗೆ ಕಿವಿರು ಇರಂಗಿಲ್ಲ, ಅದ ನನ್ನ ತ್ರಾಸು.

ನಮ್ಮ ಅಂಗಡಿ ಬೆಟಗೇರ್ಯಾಗ ಐತಿ. ನಮ್ಮ ಮನಿಯವರು ಮೀನು ಕಡೀತಾರ, ನಾನು ತೂಗತೀನಿ, ಮಾತೂ ನಾನ ಆಡ್ತೀನಿ. ಮೀನು ಬರೂದು ನನ್ನ ಮೈದುನನ ಕಡಿಂದ. ಅಂವ ಮುಂಡರಗಿ ಕಡೆ ಹೊಳಿದಂಡಿ ಊರಾಗ ಇರ್ತಾನ. ಹೊಳಿ ತಿಳಿ ಇದ್ದಾಗ ಬಲಿ ಬಿಡ್ತಾನ, ರಾಡಿ ಆದಾಗ ಗಾಳ ಹಾಕ್ತಾನ. ಅವನ ಹೆಂಡ್ತಿ, ಅಂದ್ರ ನನ್ನ ನೆಗೆಣ್ಣಿ, ಉಳದ ಮೀನಿಗೆ ಉಪ್ಪು ಹಚ್ಚಿ ಒಣಗಿಸಿ ಕಳಸ್ತಾಳ. ಅವರು ಮೀನು ಕೊಡೂದು ಬಿಟ್ರ ನಾವು ಅಂಗಡಿ ಬಾಗಲಾ ಹಾಕೂದ ಸೈ.

ನೆಗೆಣ್ಣಿಗೆ ತವರಿಲ್ಲ. ಮದವಿ ಆಗಿ ಬಂದ ವರ್ಷನ ಅಕಿ ತಾಯಿ ತೀರಿಕೊಂಡ್ಲು. ಪಂಚಮಿಗೆ ಊರ ಹೆಣಮಕ್ಕಳೆಲ್ಲಾ ತವರಿಗೆ ಹೊಂಟ್ರ ಅಕಿ ನಮ್ಮ ಮನಿಗೆ ಬರ್ತಿದ್ಲು. ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಿ, ಕುಬಸದ ಅರಿವಿ ಕೊಟ್ಟು ಕಳಸಾಕಿ ನಾನ. ಅದಲ್ದ ತಿಂಗಳಿಗೊಮ್ಮೆ ಅಮಾಸಿಗೆ ಗಂಡ ಹೆಂಡ್ತಿ ಇಬ್ರೂ ಬರ್ತಾರ. ಅಮಾಸಿ ದಿನ ಅವರು ಹೊಳಿಗೆ ಬಲಿ ಬಿಡಂಗಿಲ್ಲ, ಊರಾಗೂ ಬಾಳ ಮಂದಿ ಆವತ್ತು ಮೀನು ಮುಟ್ಟಂಗಿಲ್ಲ. ಹಿಂದಿನ ದಿನ ಸಿಕ್ಕ ಮೀನು ಬರ್ಫದಾಗ ಹಾಕ್ಕೊಂಡು ಮುಂಜಾನೆ ಬಸ್ಸಿಗೆ ಬರ್ತಾರ. ನಾವು ಅಂಗಡಿ ತೊಳದು ಪೂಜಿ ಮಾಡಿ, ಊಟಾ ಮಾಡಿ, ಉಳದ ಮೀನಿನ ವ್ಯವಸ್ಥಾ ಮಾಡ್ತೀವಿ.

ಆ ವ್ಯವಸ್ಥಾನ ನಮಗ ದೊಡ್ಡ ತಲಿನೋವಾಗಿತ್ತು. ಶ್ರಾವಣ ಬಂತಂದ್ರ ಮೀನಂಗಡಿ ಮುಂದ ನೊಣಾನೂ ಕುಂದರಂಗಿಲ್ಲ. ಹೊಳ್ಯಾಗ ಮಾತ್ರ ಮೀನಿಗೆ ಶ್ರಾವಣ ಗೊತ್ತಿಲ್ಲ. ಕ್ಯಾರಿಬ್ಯಾಗಿನ್ಯಾಗ ಸುತ್ತಿ ಫ್ರೀಜರಿನ್ಯಾಗ ಇಟ್ರ ಹದಿನೈದು ದಿನದಾಗ ಮೀನಿನ ಮ್ಯಾಲೆ ಬೆಳ್ಳಗ ಮಚ್ಚಿ ಬೀಳ್ತಾವ, ಒಲಿ ಮ್ಯಾಲೆ ಇಟ್ರ ಕಟಗಿ ತಿಂದಂಗ ಆಕ್ಕೈತಿ. ಮೈದುನನ ಗಾಳದ ಎರೀದೂ ಇದ ಹಣೇಬರ. ಮೀನು ಬಾಯಿ ಹಾಕಲಿ ಅಂತ ಗಾಳಕ್ಕ ಸಿಗಸ್ತಾರಲ್ಲ, ಸಣ್ಣ ಸೀಗಡಿ, ಕೋಳಿ ಕರಳು, ಕತ್ತರಿಸಿದ ಸಣ್ಣ ಮೀನು, ಅದ ಎರಿ. ಮಳಿಗಾಲದಾಗ ಅದು ಸಿಗಂಗಿಲ್ಲ, ಬ್ಯಾಸಗ್ಯಾಗ ಕೂಡಿಟ್ರ ಒಣಗಿ ಗಾಳದಿಂದ ಉದರತೈತಿ.

ಯುಗಾದಿ ಮುಂದ ಲಕ್ಷ್ಮೇಶ್ವರದ ಒಬ್ಬ ಖಾನಾವಳಿಯವ ಹೇಳಿದ: "ಅಕ್ಕಾರ, ಗಾಳಿ ಎಳದು ಪ್ಯಾಕ್ ಮಾಡಿ ಇಡ್ರಿ. ಶ್ರಾವಣ, ಗಣಪತಿ ಮುಗದ ಮರುದಿನ ನನಗ ಒಂದು ಫ್ರೀಜರ್ ತುಂಬ ಮೀನು ಬೇಕು. ಚಲೋ ಇದ್ರ ವರ್ಷಪೂರ್ತಿ ನಿಮ್ಮ ಕಡೇನ ತಗೋತೀನಿ. ಮಚ್ಚಿ ಬಿದ್ದಿದ್ರ ವಾಪಸ್."

ಹಂಗ ಮಷಿನ್ ನೋಡಾಕ ಗದಗಿನ ಮಿಕ್ಸರ್ ಅಂಗಡಿಗೆ ಹ್ವಾದೆ. ಅಂಗಡ್ಯಾಂವ ಎರಡು ನಮೂನಿ ತೋರಿಸಿದ. ಒಂದು ದೊಡ್ಡ ಪೆಟಿಗಿ, ಚೀಲ ಪೂರಾ ಒಳಗ ಇಟ್ಟು ಮುಚ್ಚಳ ಹಾಕೂದು. ನೀರಿನ ಪದಾರ್ಥಾನೂ ಆಕ್ಕೈತಿ, ಸಾದಾ ಚೀಲಾನೂ ನಡೀತೈತಿ, ಆದ್ರ ಅದನ್ನ ಇಟ್ರ ನಮ್ಮ ಅಂಗಡ್ಯಾಗ ನಾವು ಹೊರಗ ನಿಂದರಬೇಕು. ಇನ್ನೊಂದು ಸಣ್ಣದು, ಮೊಳದುದ್ದ. ಮುಚ್ಚಳ ಎತ್ತಿ ಚೀಲದ ಬಾಯಿ ಅಷ್ಟ ಒಳಗ ಇಡೂದು. ಅದು ಗಾಳಿ ಎಳದು, ಒಂದು ಕರೀ ಪಟ್ಟಿ ಕಾಸಿ, ಬಾಯಿ ಅಂಟಸ್ತೈತಿ. ಅದಕ್ಕ ಒಳಗ ಗೆರಿ ಗೆರಿ ಇದ್ದ ಚೀಲಾನ ಬೇಕು. ಸಾದಾ ಚೀಲ ಹಾಕಿದ್ರ ಎರಡೂ ಬದಿ ಒಂದಕ್ಕೊಂದು ಅಂಟಿ ಗಾಳಿ ಒಳಗ ಉಳೀತೈತಿ.

ಅಂವ ಒಂದು ಹಿಡಿ ಗೋಡಂಬಿ ಹಾಕಿ ಪ್ಯಾಕ್ ಮಾಡಿ ತೋರಿಸಿದ. ನಾನು ಕೈಚೀಲದಿಂದ ಹಸೀ ರೋಹು ತಗದು ಗಾಜಿನ ಮೇಜಿನ ಮ್ಯಾಲೆ ಇಟ್ಟೆ. "ಇದನ್ನ ಮಾಡಿ ತೋರಸು."

"ಅಕ್ಕಾರ, ಇಲ್ಲೆ ಗಿರಾಕಿ ಬರ್ತಾರ್ರಿ."

"ನಾನೂ ಗಿರಾಕಿನ ಅಲ್ಲೇನಪಾ?"

ಮೂಗು ಮುಚ್ಚಿಕೊಂಡ ಮಾಡಿದ. ಮೀನಿನ ನೀರು ಮ್ಯಾಲೆ ಏರಿ ಚೀಲದ ಬಾಯಿಗೆ ಬಂತು, ಅಂಟು ಹಿಡೀಲಿಲ್ಲ. ಎರಡನೇದಕ್ಕ ಅಂವ ಗಾಳಿ ಪೂರಾ ಎಳ್ಯೂದರೊಳಗ 'ಬರೀ ಅಂಟಸೂ' ಗುಂಡಿ ಒತ್ತಿದ, ಹಿಡೀತು. ಆ ಗುಂಡಿ ಬ್ಯಾರೆ ಇದ್ದ ಮಷಿನ್ನ ತಗೊಂಡೆ. ಆ ಪಾಕೀಟು ಮನಿಗೆ ತಂದು ಮೂರು ದಿನ ಫ್ರೀಜರಿನ್ಯಾಗ ಇಟ್ಟು ನೋಡಿದ ಮ್ಯಾಲೇನ ಮಷಿನ್ ಡಬ್ಬಿ ಮ್ಯಾಲಿನ ಪ್ಲಾಸ್ಟಿಕ್ ಹರದದ್ದು.

ಕೆಲಸಾ ಕಲ್ಯಾಕ ಮೂರು ವಾರ ಹಿಡೀತು. ಮೀನು ಒರಸಿ, ಒಂದು ತಾಸು ಫ್ರೀಜರಿನ್ಯಾಗ ಇಟ್ಟು, ಮೈ ಬಿರಸ ಆದ ಮ್ಯಾಲೆ ಪ್ಯಾಕ್ ಮಾಡಿದ್ರ ನೀರು ಏರಂಗಿಲ್ಲ. ರೆಕ್ಕಿ, ಬೆನ್ನಿನ ಮುಳ್ಳು ಕತ್ತರೀಲೆ ಕತ್ತರಸದಿದ್ರ ಚೀಲಕ್ಕ ತೂತು ಬೀಳ್ತೈತಿ. ಚೀಲದ ಬಾಯಿ ಕುಬಸದ ತೋಳು ಮಡಚಿದಂಗ ಹೊರಗ ಮಡಚಿ ಮೀನು ತುಂಬಬೇಕು, ಇಲ್ಲಂದ್ರ ಬಾಯಿಗೆ ಲೋಳಿ ತಾಗತೈತಿ. ನಾಕು ಬೆರಳು ಖಾಲಿ ಬಿಡಬೇಕು. ಹತ್ತು ಚೀಲ ಆದ ಮ್ಯಾಲೆ ಮಷಿನ್ನಿಗೆ ಉಸರು ಬಿಡಾಕ ಕೊಡಬೇಕು. ಗಾಳಿ ತಗದೇವಂತ ಹೊರಗ ಇಟ್ರ ಕೆಟ್ಟದ್ದು, ಒಳಗ ವಿಷಾ ಆಕ್ಕೈತಿ. ಕರಗಸುವಾಗ ಚೀಲ ಕತ್ತರಿಸಿ, ಫ್ರಿಜ್ಜಿನ ಕೆಳಗಿನ ಖಾನೇದಾಗ ಇಡಬೇಕು. ಎರಿ ಪಾಕೀಟಿಗೆ ಕೆಂಪು ದಾರ ಕಟ್ಟಿ ಬ್ಯಾರೆ ಬುಟ್ಟ್ಯಾಗ ಹಾಕತಿದ್ದೆ. ಈ ಮೂರು ವಾರದಾಗ ಕಲಿತ ಮ್ಯಾಲೆ ಮಾಡಿದ ನಲವತ್ತು ಪಾಕೀಟು ಹಲಗಿ ಹಂಗ ಬಿಗಿ ಇದ್ದುವು.

ಮಷಿನ್ ಬಂದದ್ದು ನೆಗೆಣ್ಣಿಗೆ ಸೇರಲಿಲ್ಲ. ಬಾಯಿಬಿಟ್ಟ ಹೇಳಿದ್ಲು: "ಉಪ್ಪು ಬಿಸಲು ಎರಡೂ ಇದ್ದ ಮ್ಯಾಲೆ ಈ ಗಾಳಿ ಮಷಿನ್ ಯಾಕ್ರಿ ಅಕ್ಕಾ? ನಾ ಏನು ಮಾಡ್ಲಿ ಹಂಗಾರ?" ನಾನು ಆಗ ನಕ್ಕೆ. ಮಾತು ಮಾತ್ರ ಗಂಟು ಕಟ್ಟಿ ಇಟ್ಕೊಂಡೆ.

ಮಷಿನ್ನಿನ ಮೊದಲನೇ ಅಮಾಸಿ ಬಂತು. ಅಂಗಡಿ ತೊಳದು, ತಕ್ಕಡಿ, ಕತ್ತಿ, ಮೀನು ಕಡಿಯೂ ಕೊರಡು, ಫ್ರೀಜರು, ಮಷಿನ್ನು ಎಲ್ಲಾದಕ್ಕೂ ಪೂಜಿ ಮಾಡಿ, ಕಾಯಿ ಒಡದು, ನಾನು ಹೋಳಿಗಿ ಮಾಡಾಕ ಒಳಗ ಹ್ವಾದೆ. ಹೊರಗ ನೆಗೆಣ್ಣಿ ಪ್ಯಾಕ್ ಮಾಡಾಕ ಕುಂತ್ಲು. ನಾನು ತೋರಿಸಿದ್ದನ್ನ ಒಂದ ಸಲಕ್ಕ ಕಲಿತಿದ್ಲು, ಕೈ ಚುರುಕು. ಊಟಾ ಆದ ಮ್ಯಾಲೆ ಉಳದದ್ದನ್ನ ನಾನು ಮಾಡಿದೆ. ನಾಕನೇ ದಿನ ಫ್ರೀಜರ್ ತಗದು ನೋಡಿದ್ರ ಹನ್ನೆರಡು ಪಾಕೀಟು ಸಡ್ಲ. ಚೀಲ ಒಂದ ಕಡೆ, ಮೀನು ಒಂದ ಕಡೆ.

ಮಷಿನ್ ಮಾರಿದಾಂವಗ ಫೋನ್ ಹಚ್ಚಿ ಬೈದೆ. ಅಂವ "ಚೀಲದ್ದು ದೋಷ ಇರಬೇಕ್ರಿ" ಅಂದ. ಚೀಲ ಕೊಟ್ಟಾಂವನೂ ಅವನ. ಬ್ಯಾರೆ ಅಂಗಡಿಂದ ಚೀಲ ತರಿಸಿದೆ. ಮುಂದಿನ ಅಮಾಸಿ ತನಕ ಒಂದೂ ಸಡ್ಲ ಬೀಳಲಿಲ್ಲ. ಅಮಾಸಿ ಆಗಿ ನಾಕ ದಿನಕ್ಕ ಮತ್ತ ಹದಿನಾಕು. ಕರೆಂಟು ಹೋಗಿ ಬಂದು ಮಾಡ್ತೈತೇನೋ ಅಂತ ಒಂದು ವಾರ ಫ್ರೀಜರ್ ಮುಂದ ಕಾದೆ. ಇಲಿ ಇರಬೇಕಂತ ಮೂಲಿ ಮೂಲಿ ಹುಡುಕಿದೆ. ಲಕ್ಷ್ಮೇಶ್ವರದಾಂವಗ ನೋಡಾಕಂತ ಕಳಿಸಿದ್ದ ಐದರಾಗ ಎರಡು ಸಡ್ಲ ಇದ್ದುವಂತ. "ಅಕ್ಕಾರ, ಹಿಂಗಾದ್ರ ನಾ ಬ್ಯಾರೆ ಕಡೆ ನೋಡ್ತೀನ್ರಿ" ಅಂದ.

ಸಡ್ಲ ಬೀಳೂದು ಅಮಾಸಿ ಪಾಕೀಟಷ್ಟ. ಅಮಾಸಿಗೆ ಬರೂದು ಯಾರು? ಒಮ್ಮೆ ಈ ಮಾತು ತಲ್ಯಾಗ ಹೊಕ್ಕ ಮ್ಯಾಲೆ ಹೊರಗ ಬರಲಿಲ್ಲ. ನೆಗೆಣ್ಣಿ ಬಳ್ಯಾಗ ಯಾವಾಗ್ಲೂ ನಾಕು ಪಿನ್ನು ಇರ್ತಾವ. ನಮ್ಮ ಕಡೆ ಹೆಣಮಕ್ಕಳಿಗೆ ಅದು ಹೊಸದಲ್ಲ, ಸೆರಗಿಗೆ ಬೇಕಾಕ್ಕಾವ, ದಾರ ಕೀಳಾಕ ಬೇಕಾಕ್ಕಾವ. ನನ್ನ ಬೆರಳಿಗೆ ಎಷ್ಟೋ ಸಲ ಮೀನಿನ ಮುಳ್ಳು ನೆಟ್ಟಾಗ ಅಕಿ ಬಳೀಲಿಂದ ಪಿನ್ ಬಿಚ್ಚಿ, ನನ್ನ ಕೈ ತನ್ನ ತೊಡಿ ಮ್ಯಾಲೆ ಇಟ್ಕೊಂಡು ತಗದಾಳ. ಅದ ಪಿನ್ನು ಈಗ ನನ್ನ ಕಣ್ಣಿಗೆ ಬ್ಯಾರೆ ಕಾಣಾಕ ಹತ್ತಿದುವು. ಪಿನ್ ಚುಚ್ಚಿದ ತೂತು ಕಣ್ಣಿಗೆ ಕಾಣಂಗಿಲ್ಲ, ಗಾಳಿ ಮಾತ್ರ ನಿಧಾನಕ್ಕ ಒಳಗ ಹೋಗತೈತಿ.

ಮನಿಯವರಿಗೆ ಹೇಳಿದೆ. ಅವರು ಕತ್ತಿ ಮಸ್ಯೂದು ನಿಲ್ಲಿಸಿ, "ಅಕಿ ಯಾಕ ಹಂಗ ಮಾಡ್ತಾಳ?" ಅಂದ್ರು.

"ಮಷಿನ್ ನಡದ್ರ ಅಕಿ ಒಣಮೀನು ಯಾರಿಗೆ ಬೇಕು?"

"ನಿನಗ ಸಂಶೆ ಒಂದು ರೋಗ" ಅಂತ ಅಂದು ಮತ್ತ ಮಸ್ಯಾಕ ಹತ್ತಿದ್ರು.

ಮಣ್ಣೆತ್ತಿನ ಅಮಾಸಿಗೆ ನಾನು ಉಪಾಯ ಮಾಡಿದೆ. ಎಂದಿನಂಗ ಪೂಜಿ ಮುಗಿಸಿ ಅಕಿಗೆ ಮಷಿನ್ ಬಿಟ್ಟುಕೊಟ್ಟೆ. ಅಕಿ ಒಂದೊಂದು ಡಜನ್ ಮಾಡಿ ಇಟ್ಟಂಗ ನಾನು ಒಳಗ ಹೋಗೋ ನೆಪದಾಗ ಪಾಕೀಟಿನ ಮೂಲಿಗೆ ಪೆನ್ನಿಲೆ ಒಂದು ಚುಕ್ಕಿ ಇಟ್ಟೆ. ಊಟಾ ಆದ ಮ್ಯಾಲೆ ನಾ ಮಾಡಿದ್ದಕ್ಕ ಗೆರಿ ಎಳದೆ. ನಾಕು ದಿನಕ್ಕ ಫ್ರೀಜರ್ ತಗದು ಎಣಿಸಿದೆ. ಸಡ್ಲ ಬಿದ್ದಾವು ಹದಿನೈದು, ಹದಿನೈದಕ್ಕೂ ಚುಕ್ಕಿ. ಗೆರಿ ಇದ್ದ ಒಂದೂ ಸಡ್ಲ ಇಲ್ಲ. ಖರೆ ಹೇಳ್ತೀನಿ, ಒಳಗ ಒಂದು ಖುಷೀನೂ ಆತು, ನನ್ನ ಸಂಶೆ ಸುಳ್ಳಾಗಲಿಲ್ಲಂತ.

ಮರುದಿನ ನೆಗೆಣ್ಣಿ ತಾನ ಬಂದ್ಲು. ಹೊಳಿಗೆ ಕೆಂಪು ನೀರು ಬಂದಿತ್ತು, ಮೈದುನ ಗಾಳ ಹಾಕಾಂವಿದ್ದ, ಎರಿ ಪಾಕೀಟು ಒಯ್ಯಾಕ ಬಂದಿದ್ಲು. ನಾನು ಕೆಂಪು ದಾರದ ಪಾಕೀಟು ಬುಟ್ಟಿಂದ ತಗದು ಅಕಿ ಮುಂದ ಒಗದೆ. ಅದರಾಗೂ ನಾಕು ಸಡ್ಲ ಇದ್ದುವು. ಚುಕ್ಕಿ ಇದ್ದ ಹದಿನೈದು ಮೀನಿನ ಪಾಕೀಟೂ ಸಾಲಾಗಿ ಇಟ್ಟೆ.

"ಇವೆಲ್ಲಾ ನೀ ಮಾಡಿದ್ದು" ಅಂದೆ. "ಇವು ನಾ ಮಾಡಿದ್ದು, ನೋಡು, ಬಿಗಿ ಅದಾವ. ನಿನ್ನ ಬಳ್ಯಾಗಿನ ಪಿನ್ನು ಎಷ್ಟದಾವ?"

ಅಕಿಗೆ ಮೊದಲು ತಿಳೀಲಿಲ್ಲ. "ನಾಕ್ರಿ. ಯಾಕ, ಮುಳ್ಳು ನೆಟ್ಟೈತೇನು?" ಅಂತ ನನ್ನ ಕೈ ಹಿಡ್ಯಾಕ ಬಂದ್ಲು. ನಾನು ಕೈ ಹಿಂದ ತಗೊಂಡೆ. ಆಗ ತಿಳೀತು ಅಕಿಗೆ.

ಸಡ್ಲ ಪಾಕೀಟು ಒಂದೊಂದ ಒತ್ತಿ ನೋಡಿದ್ಲು. ಆಮ್ಯಾಲೆ ಕೆಂಪು ದಾರದ ಪಾಕೀಟು ತೋರಿಸಿ, "ಎರೀದೂ ಸಡ್ಲ ಆಗ್ಯಾವಲ್ರಿ ಅಕ್ಕಾ. ಇವು ನನ್ನ ಗಂಡನ ಗಾಳಕ್ಕ ಹೋಗೂವು. ನನ್ನ ಕಾಲ ಮ್ಯಾಲೆ ನಾನ ಕಲ್ಲು ಹಾಕ್ಕೋತೀನೇನು?" ಅಂದ್ಲು.

ಒಳ್ಳೆ ಮಾತು ಕೇಳಿದ್ಲು. ಅದನ್ನ ನಾನ ಕೇಳ್ಕೋಬೇಕಿತ್ತು. ಆದ್ರ ಸಂಶೆ ಹಿಡದಾಕಿಗೆ ಉತ್ತರ ಸಿದ್ಧಾನ ಇರ್ತಾವ. "ನಿನ್ನ ಮ್ಯಾಲೆ ಬರಬಾರ್ದಂತ ನಾಕು ಎರಿ ಪಾಕೀಟಿಗೂ ಚುಚ್ಚೀದಿ" ಅಂದೆ.

ಮನಿಯವರು ಕೊರಡಿನ ಮುಂದಿಂದ ಎದ್ದು, "ಏ, ಬಾಯಿ ಮುಚ್ಚು" ಅಂದ್ರು. ತಡಾ ಆಗಿತ್ತು. ನೆಗೆಣ್ಣಿ ಬಲಗೈ ಬಳೀಲಿಂದ ಎರಡು ಪಿನ್ನು, ಎಡಗೈದು ಎರಡು, ಒಂದೊಂದ ಬಿಚ್ಚಿ ಮೇಜಿನ ಮ್ಯಾಲೆ ಇಟ್ಲು. ಸೆರಗು ಸೊಂಟಕ್ಕ ಸಿಗಿಸ್ಕೊಂಡು ಹ್ವಾದ್ಲು. ಎರಿ ಪಾಕೀಟು ಒಯ್ಯಲಿಲ್ಲ.

ಆ ವಾರ ಮೈದುನ ಬಸ್ಸಿನ್ಯಾಗ ಮೀನು ಇಟ್ಟು ಕಳಿಸಿದ, ತಾನು ಬರಲಿಲ್ಲ. ಫೋನ್ ಮಾಡಿದ್ರ, "ವೈನಿ, ಶ್ರಾವಣ ಮುಗಿಯೂತನ ಕಳಸ್ತೀನಿ. ಮುಂದ ಮುಂಡರಗ್ಯಾಗ ಒಬ್ಬವ ಕೇಳ್ಯಾನ, ಅವಗ ಹಾಕ್ತೀನಿ" ಅಂದ. ದನಿ ಏರಸಲಿಲ್ಲ. ಏರಿಸಿದ್ರ ನಾನೂ ಏರಸ್ತಿದ್ದೆ. ನನಗ ಸಿಟ್ಟು ಬಂತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ರು ಅಂತ ಮನಿಯವರ ಮುಂದ ಅಂದೆ. ಅವರು ನನ್ನ ಕೂಡ ಎರಡು ದಿನ ಮಾತು ಬಿಟ್ರು.

ನಾಗರ ಅಮಾಸಿಗೆ ಯಾರೂ ಬರಲಿಲ್ಲ. ಶ್ರಾವಣಕ್ಕಿಂತ ಮೊದಲಿನ ದೊಡ್ಡ ಪ್ಯಾಕಿಂಗ್ ಅದು, ಲಕ್ಷ್ಮೇಶ್ವರದಾಂವಗ ಇದರಾಗಿಂದನ ಕೊಡೂದು. ನಾನು ಒಬ್ಬಾಕಿನ ಪೂಜಿ ಮಾಡಿ, ಹೋಳಿಗೀನೂ ಮಾಡದ, ಒಂದನೇ ಪಾಕೀಟಿನಿಂದ ಕಡೀ ಪಾಕೀಟಿನ ತನಕ ನನ್ನ ಕೈಯಾರೆ ಮಾಡಿದೆ. ಒರಸಿ, ಬಿರಸ ಮಾಡಿ, ಬಾಯಿ ಮಡಚಿ, ನಾಕು ಬೆರಳು ಬಿಟ್ಟು. ಫ್ರೀಜರಿಗೆ ಕೀಲಿ ಹಾಕಿ ಕೀಲಿ ತಾಳಿ ದಾರಕ್ಕ ಕಟ್ಕೊಂಡೆ.

ಚೌತಿ ದಿನ ಕೀಲಿ ತಗದೆ. ಮ್ಯಾಲಿನ ಪಾಕೀಟು ಬಿಗಿ. ತಳದ್ದು, ಮೊದಲು ಮಾಡಿದ್ದು, ಕೈಗೆ ಬಂದ್ರ ಮೆತ್ತಗ. ಒಂದು, ಎರಡು, ಐದು. ಹದಿನಾರು ಸಡ್ಲ. ಫ್ರೀಜರಿನ ತಂಪು ಮುಖಕ್ಕ ಹೊಡೀತಿತ್ತು, ನಾನು ಮತ್ತೊಮ್ಮೆ ಎಣಿಸಿದೆ. ಕೀಲಿ ನನ್ನ ಕೊಳ್ಳಾಗ ಇತ್ತು, ಯಾರ ಮ್ಯಾಲೂ ಹಾಕಾಕ ಬರ್ತಿರಲಿಲ್ಲ.

ಮನಿಯವರು ನೋಡಿದ್ರು. ಹಂಗಿಸಲಿಲ್ಲ. ಒಂದು ಬಕೇಟಿನ್ಯಾಗ ನೀರು ತುಂಬಿ ತಂದಿಟ್ರು. "ಪಂಕ್ಚರ್ ಅಂಗಡ್ಯಾಗ ಟ್ಯೂಬ್ ಹೆಂಗ ನೋಡ್ತಾರ, ಹಂಗ ನೋಡು" ಅಂದ್ರು. ಮೂರು ತಿಂಗಳಿಂದ ಈ ಮಾತು ನನ್ನ ತಲಿಗೆ ಹೊಳೀಲಿಲ್ಲ ನೋಡ್ರಿ. ಕಳ್ಳರನ್ನ ಹುಡುಕೂದರಾಗ ತೂತು ಹುಡುಕೂದು ಮರತಿದ್ದೆ.

ಸಡ್ಲ ಪಾಕೀಟು ನೀರಾಗ ಮುಳಗಿಸಿ ಹಿಚುಕಿದೆ. ಬದಿಂದ ಗುಳ್ಳಿ ಬರಲಿಲ್ಲ, ತಳದಿಂದ ಬರಲಿಲ್ಲ. ಬಂದದ್ದು ಮಷಿನ್ ಅಂಟಿಸಿದ ಬಾಯಿಂದ, ನಡಬರಕ, ಒಂದರ ಬಾಜು ಒಂದು, ಮೂರು ಸಾಲು ಸಣ್ಣ ಗುಳ್ಳಿ. ಇನ್ನೊಂದು ಪಾಕೀಟು ಮುಳಗಿಸಿದೆ. ಅಲ್ಲೇನ, ಮೂರು. ಹದಿನಾರಕ್ಕೂ ಅಲ್ಲೇನ. ಬಾಯಿ ಪಟ್ಟಿ ಕತ್ತರಿಸಿ ಬೆಳಕಿಗೆ ಹಿಡದೆ. ಅಂಟಿದ್ದಲ್ಲಿ ಗಾಜಿನಂಗ ತಿಳಿ, ಆ ಮೂರು ಕಡೆ ಮಬ್ಬು.

ಮಷಿನ್ನಿನ ಮುಚ್ಚಳ ಎತ್ತಿದೆ. ಕಾಯೂ ಕರೀ ಪಟ್ಟಿ ಮ್ಯಾಲೆ, ನಡಬರಕ, ಬೆಳ್ಳಗ ಮೂರು ಗೆರಿ. ಸವದು ತೆಳ್ಳಗಾಗಿದ್ರೂ ಕಾಣ್ತಿದ್ದುವು. ನಾನು ಬಲಗೈದು ನಡುವಿನ ಮೂರು ಬೆರಳು ಅವುಗಳ ಮ್ಯಾಲೆ ಇಟ್ಟೆ. ಸರಿಯಾಗಿ ಕೂತುವು.

ವಿಭೂತಿ. ಅಮಾಸಿಗೊಮ್ಮೆ ನಾನ ನೀರಾಗ ಕಲಸಿ ಹಚ್ಚಿದ್ದು. ಒಲಿ ಪೂಜಿ ಮಾಡಿದ್ರ ಒಲಿ ಬಾಯಿಗೆ ಹಚ್ಚಬೇಕು, ಕತ್ತಿ ಪೂಜಿ ಮಾಡಿದ್ರ ಅಲಗಿಗೆ ಹಚ್ಚಬೇಕು ಅಂತ ನಮ್ಮ ಅತ್ತಿ ಕಲಿಸಿದ್ದು. ಮಷಿನ್ ಕಚ್ಚೂದು ಆ ಪಟ್ಟೀಲೆ, ಅದಕ್ಕ ಮುಚ್ಚಳ ಎತ್ತಿ ಅಲ್ಲೆ ಹಚ್ಚತಿದ್ದೆ. ಪೂಜಿ ವಿಭೂತಿ ಕೈಲೆ ಒರಸಬಾರ್ದು, ತಾನ ಹೋಗಬೇಕು, ಅದೂ ಅತ್ತಿ ಹೇಳಿದ್ದ. ಬೂದಿ ಕುಂತಲ್ಲಿ ಕಾವು ಚೀಲಕ್ಕ ಸರಿ ಮುಟ್ಟತಿರಲಿಲ್ಲ, ಅಂಟು ಅರೆಬರೆ ಹಿಡೀತಿತ್ತು. ಹದಿನೈದು ಇಪ್ಪತ್ತು ಚೀಲ ತಿಕ್ಕಿದ ಮ್ಯಾಲೆ ಬೂದಿ ಸವದು ಮುಂದಿನವು ಗಟ್ಟಿ ಬರ್ತಿದ್ದುವು. ಪೂಜಿ ಆದ ಕೂಡಲೆ ಮಷಿನ್ ಮುಂದ ಕುಂದರಾಕಿ ನೆಗೆಣ್ಣಿ. ಊಟಾ ಮಾಡಿ, ಬೂದಿ ಸವದ ಮಷಿನ್ ಮುಂದ ಕುಂದರಾಕಿ ನಾನು.

ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದೆ. ಬರಿ ಹಾಕಿದ್ದು ನನ್ನ ಕೈನ, ಜ್ವರ ಕೊಟ್ಟದ್ದೂ ನನ್ನ ಕೈನ.

ಒದ್ದಿ ಅರಿವಿ ಹಿಡಕೊಂಡು ಮಷಿನ್ ಮುಂದ ಬಾಳ ಹೊತ್ತು ನಿಂತೆ. ಒರಸಾಕ ಕೈ ಬರಲಿಲ್ಲ. ಮನಿಯವರು, "ತಕ್ಕಡಿಗೂ ಹಚ್ಚತೀಯಲ್ಲ. ತೂಗೂ ಮುಂದ ಅದನ್ನ ಒರಸಂಗಿಲ್ಲೇನು?" ಅಂದ್ರು.

"ತೂಕ ತಪ್ಪತೈತಿ, ಅದಕ್ಕ ಒರಸ್ತೀನಿ."

"ಇಲ್ಲೂ ತಪ್ಪೇತಿ" ಅಂದ್ರು. ಒರಸಿದೆ. ಹದಿನಾರು ಪಾಕೀಟಿನ ಮೀನು ಫ್ರೀಜರಿನಿಂದ ಹೊರಗ ಬಾಳ ಹೊತ್ತು ಇರಬಾರ್ದಂತ ಆವಾಗಿಂದಾವಾಗ ಹೊಸಾ ಚೀಲಕ್ಕ ಹಾಕಿ, ಎರಡೆರಡು ಸಲ ಅಂಟಿಸಿದೆ. ಲಕ್ಷ್ಮೇಶ್ವರದಾಂವನ ಮೀನು ಉಳೀತು. ಉಳೀಬೇಕಾದದ್ದು ಬ್ಯಾರೆ ಇತ್ತು.

ಮರುದಿನ ಪಂಚಮಿ. ಮುಂಜಾನೆ ಉಂಡಿ ಡಬ್ಬಿ, ಕುಬಸದ ಅರಿವಿ, ಕತ್ತರಿಸಿದ ಬಾಯಿ ಪಟ್ಟಿ, ಆ ನಾಕು ಪಿನ್ನು ಕೈಚೀಲದಾಗ ಹಾಕ್ಕೊಂಡು ಮುಂಡರಗಿ ಬಸ್ ಹತ್ತಿದೆ. ಬಸ್ ತುಂಬ ತವರಿಗೆ ಹೊಂಟ ಹೆಣಮಕ್ಕಳು. ಬಾಜೂಕ ಕುಂತಾಕಿ "ತವರಿಗೇನ್ರಿ?" ಅಂತ ಕೇಳಿದ್ಲು. ನಾನು ಕೈಚೀಲ ತೊಡಿ ಮ್ಯಾಲೆ ಎಳಕೊಂಡೆ.

ನೆಗೆಣ್ಣಿ ಹಿತ್ತಲದಾಗ ಚಾಪಿ ಮ್ಯಾಲೆ ಮೀನು ಹೊಳ್ಳಿ ಹಾಕತಿದ್ಲು. ನನ್ನ ನೋಡಿ ಎದ್ದು ನಿಂತ್ಲು, ಸೆರಗು ಸರಿ ಮಾಡ್ಕೊಂಡ್ಲು. "ಬರ್ರಿ ಅಕ್ಕಾ, ಕುಂಡ್ರಿ" ಅಂದ್ಲು. ನೀರು ಕೊಟ್ಲು. ಯಾವ ಮರ್ಯಾದಿನೂ ಬಿಡಲಿಲ್ಲ, ಅದ ನನಗ ಹೆಚ್ಚಿಗಿ ಚುಚ್ಚಿತು.

ಪಟ್ಟಿಗಳನ್ನ ಅಕಿ ಮುಂದ ಸಾಲಾಗಿ ಇಟ್ಟು, ಮೂರು ಮಬ್ಬು ತೋರಿಸಿ, ಅವುಗಳ ಮ್ಯಾಲೆ ನನ್ನ ಬೆರಳಿಟ್ಟು ತೋರಿಸಿದೆ. "ನಾನ. ಪ್ರತಿ ಅಮಾಸಿಗೆ ವಿಭೂತಿ ಹಚ್ಚಿದಾಕಿ ನಾನ. ನಿನ್ನ ಮ್ಯಾಲೆ ಹಾಕಿದೆ. ತಪ್ಪಾತು."

ಅಕಿ ಒಂದು ಪಟ್ಟಿ ಎತ್ತಿ ಬಿಸಿಲಿಗೆ ಹಿಡದು ನೋಡಿದ್ಲು. "ಅವತ್ತ ನೀರಾಗ ಅದ್ದಿ ನೋಡಿದ್ರ ಆಕ್ಕಿತ್ತಲ್ರಿ" ಅಂದ್ಲು.

"ಆಕ್ಕಿತ್ತು."

"ಹಾಲಿಗೆ ಬೆರಳು ಅದ್ದಿ ನೋಡ್ತೀರಿ. ಮೀನಿನ ಕಿವಿರು ಎತ್ತಿ ನೋಡ್ತೀರಿ. ನನ್ನ ನೋಡದ ಹೇಳಿಬಿಟ್ರಿ."

ಅತ್ತೆ. ಅಕಿ ಅಳಲಿಲ್ಲ. ಒಳಗಿಂದ ಮೈದುನ ಹೊರಗ ಬಂದು ನಿಂತವ, ನಮ್ಮಿಬ್ಬರನ್ನೂ ನೋಡಿ, ಪಟ್ಟಿ ನೋಡಿ, ಹೊಳಿ ಕಡೆ ಹ್ವಾದ. ನಾನು ಪಿನ್ನು ತಗದು ಅಕಿ ಮುಂದ ಹಿಡದೆ. "ಇರಲಿ ಬಿಡ್ರಿ, ನಿಮ್ಮ ಕಡೇನ ಇಡ್ರಿ" ಅಂದ್ಲು. ಉಂಡಿ ಡಬ್ಬಿ ಮಾತ್ರ ತಗೊಂಡ್ಲು. ಮಧ್ಯಾಹ್ನ ಊಟಾ ಮಾಡಿಸಿ ಬಸ್ಸಿಗೆ ಕಳಿಸಿದ್ಲು. ಮುಂಡರಗಿಯವನ ಮಾತು ಅವರೂ ತಗೀಲಿಲ್ಲ, ನಾನೂ ಕೇಳಲಿಲ್ಲ.

ಬೆನಕನ ಅಮಾಸಿಗೆ ಇಬ್ರೂ ಬಂದ್ರು. ಮೈದುನ ಬರ್ಫದ ಪೆಟಿಗಿ ಇಳಿಸಿ, "ವೈನಿ, ಗಿರ್ಲು ಬಾಳ ಬಂದಾವ, ಅರ್ಧಾ ಎರಿಗೆ ಇಡ್ರಿ" ಅಂದ, ಯಾವ ಅಮಾಸೀನೂ ತಪ್ಪಿಲ್ಲದಂಗ. ನಾನು ಪೂಜಿ ಮಾಡಿದೆ. ಮಷಿನ್ನಿಗೆ ಮುಚ್ಚಳದ ಮ್ಯಾಲೆ, ಹೊರಗ ಹಚ್ಚಿದೆ. ನೆಗೆಣ್ಣಿ ನೋಡಿ ಸಣ್ಣಗ ನಕ್ಲು. ಆಮ್ಯಾಲೆ ಇಬ್ರೂ ಕೂಡೇನ ಕುಂತ್ವಿ, ಅಕಿ ಪ್ಯಾಕ್ ಮಾಡೂದು, ನಾನು ಮುಳ್ಳು ಕತ್ತರಸೂದು.

ಗಿರ್ಲು ಮೀನಿನ ಬೆನ್ನಾಗ ಗರಗಸದಂಥಾ ಮುಳ್ಳು ಇರ್ತೈತಿ. ಮಾತಿನ ಗದ್ದಲದಾಗ ಕತ್ತರಿ ಜಾರಿ ಒಂದು ಮುಳ್ಳು ನನ್ನ ಹೆಬ್ಬೆರಳಿಗೆ ನೆಟ್ಟು ಒಳಗ ಮುರೀತು. ರೂಢಿ ನೋಡ್ರಿ, ಬಾಯಿಂದ ಮಾತು ಬರೂಕಿಂತ ಮೊದಲ ಕೈ ಅಕಿ ಕಡೆ ಚಾಚಿದೆ. ಅಕೀನೂ ರೂಢಿಲೆ ಬಳಿಗೆ ಕೈ ಹಾಕಿದ್ಲು. ಬಳ್ಯಾಗ ಬರೀ ಬಳಿ ಇದ್ದುವು.

"ನನ್ನ ಕಡೆ ಪಿನ್ನಿಲ್ರಿ ಅಕ್ಕಾ" ಅಂದ್ಲು. ದನ್ಯಾಗ ಸಿಟ್ಟಿರಲಿಲ್ಲ. "ಇಟ್ಕೊಳ್ಳೂದು ಬಿಟ್ಟೇನಿ."

ನಾನು ಎದ್ದು ತಕ್ಕಡಿ ಕೆಳಗಿನ ಖಾನೇದಿಂದ ಅಕಿ ನಾಕು ಪಿನ್ನಿನಾಗ ಒಂದು ತಂದುಕೊಟ್ಟೆ. ಅಕಿ ನನ್ನ ಕೈ ತೊಡಿ ಮ್ಯಾಲೆ ಇಟ್ಕೊಂಡು, ಬೆಳಕಿಗೆ ಹೊಳ್ಳಿಸಿ, ಎಂದಿನಂಗ ನೋವಾಗದಂಗ ಮುಳ್ಳು ತಗದ್ಲು. ಪಿನ್ನು ಸೆರಗಿಗೆ ಒರಸಿ, ಮುಚ್ಚಿ, ಮೇಜಿನ ಮ್ಯಾಲೆ ನನ್ನ ಕಡೆ ಸರಿಸಿ ಇಟ್ಟು, ಮುಂದಿನ ಚೀಲದ ಬಾಯಿ ಮಡಚಿದ್ಲು.